ಚಿಂದಿಯ ಉಸಿರು

ಸ್ಪ್ರಿಂಗ್ ಕಿರುಗುಟ್ಟಿತು ಅಂದುಕೊಂಡ, ಹಳೆಯ ಸೋಫಾದ ಹೊಟ್ಟೆ ಬಗೆದರೆ ಇಂಥ ಸದ್ದುಗಳು ಇದ್ದದ್ದೇ, ಒಳಗೆಲ್ಲೋ ಒಂದು ಕೊಂಡಿ ಕಳಚಿ ಇನ್ನೊಂದಕ್ಕೆ ಉಜ್ಜುತ್ತಿರಬೇಕು, ಎಡಗೈಯಲ್ಲಿ ಸೆಣಬಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ತುಟಿಸಂದಿಯಲ್ಲಿ ಕಚ್ಚಿಕೊಂಡಿದ್ದ ಸಣ್ಣ ಮೊಳೆಗಳಲ್ಲಿ ಒಂದನ್ನು ನಾಲಿಗೆಯಿಂದ ಮುಂದಕ್ಕೆ ತಳ್ಳಿ, ಸುತ್ತಿಗೆಯ ಅಯಸ್ಕಾಂತದ ಮೂತಿಗೆ ಅಂಟಿಸಿಕೊಂಡು, ಟಕ್, ಇಪ್ಪತ್ತೆಂಟು ವರ್ಷದಿಂದ ಇದೇ ಟಕ್, ಮೊಳೆ ಬಾಯಲ್ಲಿರುವಾಗ ಮಾತಾಡಬಾರದು, ನಗಬಾರದು, ಕೆಮ್ಮಂತೂ ಬರಲೇಬಾರದು ಎಂದು ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಹೇಳಿದ್ದ — ಮತ್ತೆ ಕಿರ್ರ್ ಅಂತು, ಈ ಸಲ ಅವನು ಪಟ್ಟಿಯನ್ನು ಮುಟ್ಟಿಯೇ ಇರಲಿಲ್ಲ. ಸದ್ದು ಸೋಫಾದ್ದಲ್ಲ, ಸೋಫಾದ ಹಿಂದಿನದು. ಬಗ್ಗಿ ನೋಡಿದರೆ ಫೋಮ್ ಚೂರುಗಳ ರಾಶಿಯ ಪಕ್ಕ ಅತ್ತೆಯ ಪುಟ್ಟ ನಾಯಿ ಚಿಂದಿ ನಿಂತಿದ್ದಾಳೆ, ಮಲಗಿಲ್ಲ, ಕೂತಿಲ್ಲ, ಕತ್ತನ್ನು ಮುಂದಕ್ಕೆ ನೀಡಿ, ತನ್ನ ತಲೆಯನ್ನು ಮೈಯಿಂದ ಆದಷ್ಟು ದೂರ ಇಡಲು ನೋಡುತ್ತಿರುವವಳ ಹಾಗೆ ನಿಂತಿದ್ದಾಳೆ, ಬಾಯಿ ಅರೆತೆರೆದಿದೆ, ಪಕ್ಕೆಗಳು ಒಳಕ್ಕೆ ಹೋಗಿ ಹೋಗಿ ಬರುತ್ತಿವೆ, ಒಂದೊಂದು ಸಲ ಹೋದಾಗಲೂ ಆ ಕಿರ್ರ್, ಕೊನೆಯಲ್ಲಿ ಬಾತುಕೋಳಿ ಕೂಗಿದ ಹಾಗೆ ಒಂದು ಗಕ್. ಓ, ಇದಾ, ನಿನ್ನ ಹಳೇ ನಾಟಕವಾ, ಎಂದು ಹೇಳಹೊರಟವನಿಗೆ ಬಾಯಲ್ಲಿ ಮೊಳೆ ಇರುವುದು ನೆನಪಾಗಿ, ಎಲ್ಲವನ್ನೂ ಅಂಗೈಗೆ ಉಗಿದ. ಎಷ್ಟು? ಆರು. ಎಷ್ಟು ಹಾಕಿಕೊಂಡಿದ್ದೆ? ಮುಷ್ಟಿಗೆ ಸಿಕ್ಕಷ್ಟು, ಯಾರು ಎಣಿಸುತ್ತಾರೆ.

ಹಳೇ ನಾಟಕವೇ ಇರಬೇಕು, ಹೆದರುವುದೇನಿದೆ, ತಿಂಗಳಿಗೊಂದು ಸಲವಾದರೂ ಮಾಡುತ್ತಾಳೆ, ಬಾಗಿಲಿಗೆ ಯಾರಾದರೂ ಬಂದರೆ, ನೀರನ್ನು ಗಟಗಟ ಕುಡಿದರೆ, ಒಮ್ಮೆ ಸುಮ್ಮನೆ ಸೂರ್ಯನನ್ನು ನೋಡಿ, ಮೂಗಿನಿಂದ ಗಾಳಿಯನ್ನು ಒಳಕ್ಕೆ ಸೊರ್‌ಸೊರ್ ಎಂದು ಎಳೆಯುತ್ತಾ ಅರ್ಧ ನಿಮಿಷ ನಿಂತುಬಿಡುವುದು, ಆಮೇಲೆ ಏನೂ ಆಗಿಲ್ಲವೆಂಬಂತೆ ಬಾಲ ಆಡಿಸುವುದು, ಅದು ತಿರುಗುಮುರುಗು ಸೀನು, ಪುಟ್ಟ ನಾಯಿಗಳಿಗೆ ಮಾಮೂಲು ಎಂದು ಪ್ರಾಣಿ ಡಾಕ್ಟರೇ ಹೇಳಿದ್ದರು, ಅತ್ತೆ ಮಾತ್ರ ಪ್ರತಿ ಸಲವೂ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಳು, ನೆಲಕ್ಕೆ ಕೂತು ನಾಯಿಯ ಮೂಗಿನ ಹೊಳ್ಳೆಗಳನ್ನು ಬೆರಳಿಂದ ಕ್ಷಣ ಮುಚ್ಚಿ, ಗಂಟಲನ್ನು ಮೇಲಿಂದ ಕೆಳಕ್ಕೆ ನೀವುತ್ತಾ, ಸಾಕು ಕಣೇ ಸಾಕು, ನುಂಗು, ನುಂಗಿಬಿಡು, ಅನ್ನುವಳು. ಅವನು ಊಟದ ಮೇಜಿನಲ್ಲಿ ಆ ಸೊರ್‌ಸೊರ್ ಸದ್ದನ್ನು ಅಣಕಿಸಿ ತೋರಿಸುತ್ತಿದ್ದ, ಕತ್ತು ಚಾಚಿ, ಕಣ್ಣು ಹೊರಳಿಸಿ, ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಹೆಂಡತಿಯೂ ನಗುತ್ತಿದ್ದಳು, ಅತ್ತೆ ತಟ್ಟೆ ಎತ್ತಿಕೊಂಡು ಒಳಕ್ಕೆ ಹೋಗುತ್ತಿದ್ದಳು. ಈಗ ಅವನೇ ನೆಲಕ್ಕೆ ಕೂತ. ಮೂಗಿಗೆ ಬೆರಳಿಟ್ಟ, ಗಂಟಲು ನೀವಿದ, ಸಾಕು ಕಣೇ ಸಾಕು, ನುಂಗು — ಮಾತೆಲ್ಲ ಅತ್ತೆಯದು, ಸ್ವರವೂ ಹೆಚ್ಚುಕಡಿಮೆ ಅತ್ತೆಯದೇ, ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಯಾಕೆಂದರೆ ಅರ್ಧ ನಿಮಿಷ ಆಗಿಹೋಗಿತ್ತು, ಒಂದು ನಿಮಿಷವೂ ಆಗಿತ್ತು, ಗಂಟಲ ಕೆಳಗೆ ಬೆರಳಿಗೆ ಏನೋ ಗರಗಸ ಎಳೆದಂತೆ ತಾಕುತ್ತಿತ್ತು, ಅವಳು ನುಂಗುತ್ತಿರಲಿಲ್ಲ.

ಮೊಳೆ. ಮೊಳೆಯೇ ಆಗಿದ್ದರೆ. ಅಂಗಡಿಗೆ ಅವಳನ್ನ ಕರ್ಕೊಂಡು ಹೋಗಬೇಡಿ, ಅಲ್ಲಿ ನೆಲದ ತುಂಬಾ ಏನೇನೋ ಬಿದ್ದಿರುತ್ತೆ, ಅಂತ ಅತ್ತೆ ಬೆಳಿಗ್ಗೆ ಹೇಳಿದ್ದಳು, ಬರೆದೂ ಇಟ್ಟಿದ್ದಳು, ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೊರಟವಳು, ಅಕ್ಷರ ಸಾಲಿಂದ ಸಾಲಿಗೆ ಜಾರುತ್ತಿದ್ದರೂ ಪುಟದ ತುಂಬ ಬರೆದಿದ್ದಳು, ಹನ್ನೆರಡಕ್ಕೆ ಒಂದು ಮುಷ್ಟಿ ಅನ್ನ, ಬಿಸಿಲಲ್ಲಿ ಬಿಡಬೇಡಿ, ಎತ್ತಿಕೊಳ್ಳುವಾಗ ಎದೆಯ ಕೆಳಗೆ ಕೈ ಕೊಡಿ, ಅಂಗಡಿ ಬೇಡ, ಅಂಗಡಿ ಬೇಡ, ಎರಡು ಸಲ, ಮನೆಯಲ್ಲಿ ಒಂಟಿಯಾಗಿ ಬಿಡುವುದು ಹೇಗೆಂದು ಅವನು ಕರೆತಂದೇಬಿಟ್ಟಿದ್ದ. ಟ್ಯಾಕ್ಸಿ ಹತ್ತುವ ಮುಂಚೆ ನಾಯಿಯ ನೆತ್ತಿಗೆ ಮುತ್ತಿಟ್ಟು, ಅವನ ಕಡೆ ತಿರುಗಿ, ನೋಡಿ ಅಳಿಯಂದ್ರೇ, ನನ್ನ ಮಗಳನ್ನ ನಿಮ್ಮ ಕೈಗೆ ಕೊಟ್ಟಾಗಲೂ ನಂಗೆ ಇಷ್ಟು ಯೋಚನೆ ಆಗಿರ್ಲಿಲ್ಲ. ಟ್ಯಾಕ್ಸಿಯವನು ಕಿಸಕ್ಕನೆ ನಕ್ಕ. ಹೆಂಡತಿ, ಅಮ್ಮಾ ಸುಮ್ನಿರು, ಅಂದಳು, ನಗು ತಡೆದುಕೊಂಡೇ ಅಂದಳು. ಇಪ್ಪತ್ತೆರಡು ವರ್ಷ ಆಯಿತು ಮದುವೆಯಾಗಿ, ಮಾವ ತೀರಿಕೊಂಡು ಅತ್ತೆ ಇವರ ಮನೆಗೆ ಬಂದೇ ಎಂಟು ವರ್ಷ, ಈ ಎಂಟು ವರ್ಷದಲ್ಲಿ ಅವಳು ಅವನನ್ನು ಬೈದದ್ದಿಲ್ಲ, ನೀವು ತಾವು ಬಿಟ್ಟು ಮಾತಾಡಿದ್ದಿಲ್ಲ, ಅಳಿಯಂದ್ರೇ ಅಳಿಯಂದ್ರೇ ಎಂಬ ಆ ಮರ್ಯಾದೆಯಲ್ಲೇ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿಬಿಟ್ಟಿದ್ದಳು. ಒಪ್ಪಿದ್ದು ಒಂದೇ ಒಂದನ್ನು, ನಾಯಿಯ ಹೆಸರು. ಅಪ್ಪ ಹೋದ ಮೇಲೆ ಅಮ್ಮ ಮಾತೇ ಬಿಟ್ಟಿದಾಳೆ ಅಂತ ಹೆಂಡತಿ ಎಲ್ಲಿಂದಲೋ ಆ ಅಂಗೈಯಗಲದ ಮರಿಯನ್ನು ತಂದಾಗ, ಅದು ಮೊದಲ ದಿನವೇ ಅವನ ಬಟ್ಟೆಚೂರಿನ ಚೀಲಕ್ಕೆ ನುಗ್ಗಿ ನಿದ್ದೆ ಹೋಗಿತ್ತು, ಇಡೀ ಮನೆ ಹುಡುಕಾಡಿದ ಮೇಲೆ ಅವನು ಚೀಲದಿಂದ ಎತ್ತಿ, ಇಲ್ಲಿದೆ ನೋಡಿ ನಿಮ್ಮ ಚಿಂದಿ, ಅಂದ, ಅತ್ತೆ ಮುಖ ಸಿಂಡರಿಸಿದಳು, ಮಾರನೆಯ ದಿನ ಅಡುಗೆಮನೆಯಿಂದ ಅವಳೇ, ಚಿಂದೀ, ಬಾರೇ ಚಿಂದೀ, ಎಂದು ಕರೆಯುವುದು ಕೇಳಿಸಿತು. ಅವನಿಗೆ ಆ ದಿನ ಯಾರೋ ಹೆಗಲ ಮೇಲೆ ಕೈಯಿಟ್ಟ ಹಾಗಾಗಿತ್ತು, ಯಾರಿಗೂ ಹೇಳಿರಲಿಲ್ಲ.

ಗಕ್. ನೆಲ ನೋಡಿದ, ಮೊಳೆಗಳೇನೋ ಇವೆ, ಒಂದು ಮೇಜಿನ ಕಾಲಿನ ಹತ್ತಿರ, ಎರಡು ಬಾಗಿಲ ಹತ್ತಿರ, ಇಲ್ಲದ ಮೊಳೆ ಯಾವುದು ಅಂತ ನೆಲ ಹೇಳುತ್ತದೆಯೇ, ಅವಳ ಬಾಯಿ ಅಗಲಿಸಿ ನೋಡಿದ, ಇಷ್ಟು ಪುಟ್ಟ ಬಾಯಿ, ತನ್ನ ತೋರುಬೆರಳೇ ಅದಕ್ಕೆ ಹೆಚ್ಚು, ನಾಲಿಗೆಯ ಹಿಂದೆ ಕತ್ತಲು, ಬೆರಳು ತೂರಿಸಬೇಕೆಂದುಕೊಂಡು ತಡೆದ, ಇದ್ದದ್ದು ಇನ್ನೂ ಒಳಕ್ಕೆ ಹೋದರೆ, ಮೊಳೆಯನ್ನು ಒಳಕ್ಕೆ ಕಳಿಸುವುದೇ ನನ್ನ ಕಸುಬು, ಹೊರಕ್ಕೆ ತೆಗೆಯಲು ಇಕ್ಕಳ ಬೇಕು, ಇಕ್ಕಳ, ಏನು ಯೋಚನೆ ಮಾಡುತ್ತಿದ್ದೇನೆ ನಾನು. ಹೆಂಡತಿಗೆ ಫೋನು ಹಚ್ಚಿದ, ಸ್ವಿಚ್ ಆಫ್, ಆಪರೇಷನ್ ಕೋಣೆಯ ಹತ್ತಿರ ಫೋನು ಬಿಡುವುದಿಲ್ಲ ಅಂದಿದ್ದಳಲ್ಲ, ಹನ್ನೊಂದೂವರೆಗೆ ಅತ್ತೆಯನ್ನು ಒಳಕ್ಕೆ ಕರೆದುಕೊಳ್ಳುತ್ತಾರೆ, ಈಗ ಹನ್ನೊಂದೂ ನಲವತ್ತು, ಈಗ ಅವಳು ಒಂದು ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಹಸಿರು ಬಟ್ಟೆ ಹೊದ್ದು ಅಲುಗಾಡದೆ ಮಲಗಿರುತ್ತಾಳೆ. ಪ್ರಾಣಿ ಡಾಕ್ಟರಿಗೆ ಹಚ್ಚಿದ. ಸಾರ್, ನಮ್ಮ ಚಿಂದಿ, ಅತ್ತೆ ನಾಯಿ, ಉಸಿರಾಡಕ್ಕೆ ಆಗ್ತಿಲ್ಲ ಸಾರ್, ಇಷ್ಟು ಜೋರು ಯಾವತ್ತೂ ಬಂದಿರ್ಲಿಲ್ಲ, ಅಂಗಡೀಲಿ ಮೊಳೆ ನುಂಗಿದಾಳೋ ಏನೋ. ನಿಧಾನ, ನಿಧಾನ, ಅಂದಿತು ಆ ಕಡೆಯ ದನಿ, ಸದ್ದು ಹೇಗೆ ಬರ್ತಿದೆ, ಗಾಳಿ ಒಳಗೆ ಎಳೀವಾಗ ಬರ್ತಿದೆಯಾ, ಹೊರಗೆ ತಳ್ಳುವಾಗ ಬರ್ತಿದೆಯಾ? ಅವನು ಫೋನನ್ನು ಕಿವಿಗೆ ಒತ್ತಿ, ಇನ್ನೊಂದು ಕಿವಿಯನ್ನು ನಾಯಿಯ ಬಾಯಿಗಿಟ್ಟು ಕೇಳಿದ, ಒಳಗಾ, ಹೊರಗಾ, ಎರಡೂ ಸಾರ್, ಅಲ್ಲ, ಒಳಗೆ, ಗೊತ್ತಾಗ್ತಿಲ್ಲ ಸಾರ್. ಎಷ್ಟು ವರ್ಷ ಆ ಸದ್ದನ್ನು ಅಣಕಿಸಿ ಜನರನ್ನು ನಗಿಸಿದ್ದೆ, ಒಮ್ಮೆಯಾದರೂ ಕಿವಿಗೊಟ್ಟು ಕೇಳಿರಲಿಲ್ಲ. ಸರಿ, ತುಟಿ ಎತ್ತಿ ಒಸಡು ನೋಡಿ, ಯಾವ ಬಣ್ಣ ಇದೆ ಹೇಳಿ. ತುಟಿ ಎತ್ತಿದ. ಬಟ್ಟೆಯ ಮಾದರಿ ಪುಸ್ತಕದಲ್ಲಿ ಹನ್ನೊಂದು ತರದ ಕೆಂಪನ್ನು ಕಣ್ಣು ಮುಚ್ಚಿ ಬೇರೆ ಮಾಡುವೆ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುವವನು ಅವನು, ಇದು ಕೆಂಪಲ್ಲ, ಗುಲಾಬಿಯೂ ಅಲ್ಲ, ಬೂದಿ ಬೆರೆತ ಒಂದು, ನೇರಳೆ ಸಾರ್, ನೇರಳೆ, ಅಂದ. ಆ ಕಡೆಯ ದನಿ ಬದಲಾಯಿತು. ಕೈಯಿಂದ ಏನೂ ಮಾಡೋಕೆ ಹೋಗಬೇಡಿ, ಎತ್ಕೊಂಡು ತಕ್ಷಣ ಬನ್ನಿ.

ಹೊರಗೆ ಬೀದಿ ಏನೂ ಆಗದ ಹಾಗಿತ್ತು, ಎದುರಿನ ಕಿಟಕಿಯಲ್ಲಿ ಯಾರೋ ಚಾದರ ಕೊಡವುತ್ತಿದ್ದರು, ಪಕ್ಕದ ಕನ್ನಡಿ ಅಂಗಡಿಯಾಕೆ ಬಾಗಿಲಲ್ಲಿ ನಿಂತು ಗಾಜು ಒರೆಸುತ್ತಿದ್ದಳು, ಅವಳ ಹಿಂದೆ ಗೋಡೆಯ ತುಂಬ ಕನ್ನಡಿಗಳು, ಎಲ್ಲ ಕನ್ನಡಿಗಳಲ್ಲೂ ಎದೆಗೆ ಒಂದು ಕಂದು ಗಂಟನ್ನು ಅವುಚಿಕೊಂಡು ಬಾಯಿ ತೆರೆದು ನಿಂತ ಒಬ್ಬ ಗಂಡಸು. ಏನಾಯ್ತಣ್ಣ? ಉಸಿರು, ಅಂದ ಅವನು, ಅಷ್ಟೇ, ಅವಳು ಒರೆಸುವ ಬಟ್ಟೆಯನ್ನು ಎಸೆದು ಸ್ಕೂಟರಿನ ಕೀಲಿ ತಂದಳು, ಅಂಗಡಿಗೆ ಬಾಗಿಲೂ ಎಳೆಯಲಿಲ್ಲ. ಹತ್ತಿ ಹತ್ತಿ, ಗಟ್ಟಿಯಾಗಿ ಹಿಡ್ಕೊಳಿ, ನಾಯಿನ ಅಲ್ಲ, ಗಾಡಿನ. ಎದೆಯ ಕೆಳಗೆ ಕೈ ಕೊಡಿ ಎಂದು ಬರೆದಿತ್ತಲ್ಲ, ಕೊಟ್ಟ, ಅಂಗೈಗೆ ಅವಳ ಗುಂಡಿಗೆ ತಾಕಿತು, ಹಕ್ಕಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದರೆ ಹೇಗೋ ಹಾಗೆ, ಎಣಿಸಲು ನೋಡಿದ, ಎಣಿಕೆ ಹಿಂದೆ ಬಿತ್ತು. ಗಾಳಿ ಮುಖಕ್ಕೆ ರಾಚುತ್ತಿದೆ, ಇಷ್ಟು ಗಾಳಿ ಊರ ತುಂಬ ಸುಮ್ಮನೆ ಹಾರಾಡುತ್ತಿದೆ, ಇದರಲ್ಲಿ ಒಂದು ಚಮಚದಷ್ಟು ಅವಳ ಒಳಗೆ ಹೋಗುವುದಿಲ್ಲ ಅಂದರೆ ಏನರ್ಥ. ನಾಲಿಗೆ ಪಕ್ಕಕ್ಕೆ ಜೋತುಬಿದ್ದಿದೆ, ನಾಲಿಗೆಯೂ ಆ ಬಣ್ಣವೇ. ಸಿಗ್ನಲ್ ಕೆಂಪಾಯಿತು. ಮುಂದೆ ಬಸ್ಸು, ಪಕ್ಕದಲ್ಲಿ ಬಸ್ಸು, ಬಸ್ಸಿನ ಕಿಟಕಿಯಿಂದ ಒಂದು ಮಗು, ಅಮ್ಮಾ ನೋಡು ನಾಯಿ ನಗ್ತಿದೆ, ಅಂತು. ಹಾರ್ನ್ ಹೊಡೀರಿ ಅಕ್ಕಾ. ಹೊಡೆದ್ರೆ ಬಸ್ಸೇನು ಹಾರಿಹೋಗುತ್ತಾ? ನೀವು ನಡುಗಬೇಡಿ ಅಣ್ಣ, ನೀವು ನಡುಗಿದ್ರೆ ಗಾಡಿನೂ ನಡುಗುತ್ತೆ, ಅದೂ ನಡುಗುತ್ತೆ. ಗಕ್ ಎಂಬುದು ಸಣ್ಣದಾಗುತ್ತಿದೆ, ಬಿಡುವು ದೊಡ್ಡದಾಗುತ್ತಿದೆ, ಇಷ್ಟು ಹೊತ್ತು ಆ ಸದ್ದು ನಿಲ್ಲಲಿ ನಿಲ್ಲಲಿ ಎಂದುಕೊಂಡವನು ಈಗ ಮನಸ್ಸಿನಲ್ಲೇ ಬೇಡತೊಡಗಿದ, ಸದ್ದು ಮಾಡೇ, ಕೆಮ್ಮೇ, ಕೂಗೇ, ನಾನಿನ್ನು ಯಾವತ್ತೂ ಅಣಕಿಸಲ್ಲ, ನಿಮ್ಮಜ್ಜಿ ಮುಂದೆ ನಿಲ್ಲೋಕೆ ನನಗೊಂದು ಮುಖ ಉಳಿಸೇ — ನಿಮ್ಮಜ್ಜಿ ಅಂದೆನೇ, ಹಾಗಾದರೆ ಇವಳು ನನಗೆ ಏನಾದಳು. ಸಿಗ್ನಲ್ ಹಸಿರಾಯಿತು.

ಕ್ಲಿನಿಕ್ಕಿನ ಹುಡುಗಿ ಅವನ ಕೈಯಿಂದ ನಾಯಿಯನ್ನು ಇಸಿದುಕೊಂಡು, ಒಳಬಾಗಿಲನ್ನು ಸೊಂಟದಿಂದ ತಳ್ಳಿ ಮಾಯವಾದಳು, ಬಾಗಿಲು ಹಿಂದಕ್ಕೂ ಮುಂದಕ್ಕೂ ಎರಡು ಸಲ ಆಡಿ ನಿಂತಿತು, ಅವನ ಕೈಗಳು ಮಾತ್ರ ಇನ್ನೂ ಎದೆಯ ಮುಂದೆ ಗೂಡಿನ ಹಾಗೆ ಬಾಗಿಕೊಂಡೇ ಇದ್ದವು, ಇಳಿಸಲು ಗೊತ್ತಾಗಲಿಲ್ಲ. ಕನ್ನಡಿ ಅಂಗಡಿಯಾಕೆ ಅವನನ್ನು ಬೆಂಚಿನ ಮೇಲೆ ಕೂರಿಸಿದಳು. ಬೆಂಚಿನ ಹೊದಿಕೆ ಹರಿದಿದೆ, ಮೂಲೆಯಲ್ಲಿ ಫೋಮ್ ಇಣುಕುತ್ತಿದೆ, ಕಳಪೆ ಕೆಲಸ, ಹೊಲಿಗೆಯನ್ನು ಒಳಮಡಿಕೆಯಲ್ಲಿ ಕೊಡಬೇಕಿತ್ತು, ಛೀ, ಈ ಮನಸ್ಸು, ಎಲ್ಲಿಗೆ ಬೇಕಾದರೂ ಓಡುತ್ತದೆ, ಆ ಬಾಗಿಲ ಒಳಗೊಂದು ಬಿಟ್ಟು. ಎದುರಿಗೆ ಒಬ್ಬ ಮುದುಕ, ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬೆಕ್ಕು, ಇಬ್ಬರೂ ಅವನನ್ನೇ ನೋಡುತ್ತಿದ್ದಾರೆ. ಒಳಗಿಂದ ಯಂತ್ರದ ಪಿಂ ಪಿಂ. ಏನು ಹೇಳುವುದು, ಹೇಗೆ ಶುರು ಮಾಡುವುದು, ಅತ್ತೆ, ಒಂದು ವಿಷಯ, ಅತ್ತೆ, ಗಾಬರಿ ಆಗಬೇಡಿ, ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ, ಅಳಬಾರದು ಎಂದು ಹೇಳಿರುತ್ತಾರೆ, ಅತ್ತರೆ ಹೊಸ ಕಣ್ಣು ಹಾಳಾಗುತ್ತದಂತೆ, ಅಳಬಾರದವಳ ಹತ್ತಿರ ಹೋಗಿ ನಾನು ಇದನ್ನು ಹೇಳಬೇಕೇ. ಡಾಕ್ಟರು ಬಾಗಿಲಲ್ಲಿ ಕಾಣಿಸಿಕೊಂಡರು. ಬನ್ನಿ ಒಳಗೆ.

ಇದ್ದಾಳೆ. ಗಾಜಿನ ಪೆಟ್ಟಿಗೆಯಲ್ಲಿ, ಆಮ್ಲಜನಕದ ಕೊಳವೆಯ ಬಾಯಲ್ಲಿ, ಕತ್ತು ಮುಂಚಾಚಿ, ಇದ್ದಾಳೆ, ಆದರೆ ಪಕ್ಕೆ ಇನ್ನೂ ಹಾಗೇ ಒಳಸೇದುತ್ತಿದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು, ಮೀನಿನ ಮುಳ್ಳಿನಂಥ ಬೆನ್ನೆಲುಬು, ಬೂದು ಮೋಡದಂಥ ಎದೆ. ನಿಮ್ಮ ಮೊಳೆ ಇಲ್ಲ ನೋಡಿ, ಲೋಹ ಇದ್ದಿದ್ರೆ ಬೆಳ್ಳಗೆ ಹೊಳೀತಿತ್ತು. ಅವನ ಎದೆಯಿಂದ ಒಂದು ಬಂಡೆ ಉರುಳಿಹೋಯಿತು, ನನ್ನ ಮೊಳೆಯಲ್ಲ, ನನ್ನ ಮೊಳೆಯಲ್ಲ. ಆದರೆ ಇಲ್ಲಿ ನೋಡಿ, ಗಾಳಿ ಕೊಳವೆ ಇಲ್ಲಿ ಸಣ್ಣಗಾಗಿದೆ, ಯಾಕೆ ಅಂತ ಇದರಲ್ಲಿ ಗೊತ್ತಾಗಲ್ಲ, ನಿಮ್ಮ ಅಂಗಡೀಲಿ ಫೋಮ್ ಇರುತ್ತಲ್ಲ, ಫೋಮ್ ಎಕ್ಸ್‌ರೇಗೆ ಕಾಣಲ್ಲ, ಒಂದು ಚೂರು ಅಲ್ಲಿ ಸಿಕ್ಕಿಕೊಂಡಿದ್ರೆ ತೆಗೀಲೇಬೇಕು, ತೆಗೀಬೇಕಂದ್ರೆ ಮತ್ತು ಕೊಟ್ಟು ನಳಿಕೆ ಇಳಿಸಿ ನೋಡಬೇಕು, ಈ ಸ್ಥಿತೀಲಿ ಮತ್ತು ಕೊಟ್ರೆ, ನಿಮಗೆ ಸುಳ್ಳು ಹೇಳಲ್ಲ, ಏಳದೇನೂ ಇರಬಹುದು. ಇಲ್ಲದಿದ್ರೆ ಇನ್ನೊಂದು ಸಾಧ್ಯತೆ, ಇಂಥ ಸಣ್ಣ ನಾಯಿಗಳಿಗೆ ವಯಸ್ಸಾಗ್ತಾ ಆ ಕೊಳವೆ ಮೆತ್ತಗಾಗುತ್ತೆ, ನೆನೆದ ಕಾಗದದ ಕೊಳವೆ ಥರ, ಜೋರಾಗಿ ಎಳೆದ್ರೆ ಚಪ್ಪಟೆ ಆಗಿಬಿಡುತ್ತೆ, ಅದಾದ್ರೆ ನಳಿಕೆ ಬೇಡ, ಶಾಂತ ಮಾಡೋ ಒಂದು ಇಂಜೆಕ್ಷನ್ನು, ಆಮ್ಲಜನಕ, ಕಾಯೋದು. ಆದ್ರೆ ಇವಳಿಗೆ ಇಲ್ಲಿವರೆಗೆ ಇಷ್ಟು ಜೋರು ಬಂದಿಲ್ಲ ಅಂತೀರ, ಏಕಾಏಕಿ ಬರಬೇಕಾದ್ರೆ ಏನಾದ್ರೂ ಆಗಿರಬೇಕು. ಇವತ್ತು ಕತ್ತಿಗೆ ಏನಾದ್ರೂ ಎಳೆತ ಬಿತ್ತಾ?

ಇಲ್ಲ ಸಾರ್, ಅಂದ. ಅಷ್ಟು ಬೇಗ ಅಂದ, ಯೋಚಿಸುವ ಮುಂಚೆ ಅಂದ, ನಾಲಿಗೆಯೇ ಒಂದು ಮೊಳೆಯನ್ನು ಮುಂದಕ್ಕೆ ತಳ್ಳಿದ ಹಾಗೆ. ಡಾಕ್ಟರು ತಲೆಯಾಡಿಸಿ ಹುಡುಗಿಗೆ ಕಾಗದ ತರಲು ಹೇಳಿದರು. ಇಲ್ಲಿ ಸಹಿ ಮಾಡಿ, ಫೋಮ್ ಅಂತಾನೇ ಹಿಡಿದು ಮುಂದುವರೀತೀವಿ. ಮೇಜಿನ ಮೇಲೆ ಕಾಗದದ ಪಕ್ಕ ಅವಳ ಕೊರಳ ಪಟ್ಟಿ ಬಿದ್ದಿತ್ತು, ಕತ್ತರಿಯಿಂದ ಕತ್ತರಿಸಿ ತೆಗೆದದ್ದು, ಕೆಂಪು ಚರ್ಮದ್ದು, ಯಾವುದೋ ಕಚೇರಿಯ ಕುರ್ಚಿಗೆ ತಂದು ಉಳಿದಿದ್ದ ಚೂರಿನಲ್ಲಿ ಅವನೇ ಹೊಲಿದದ್ದು, ಒಳಮಡಿಕೆಯಲ್ಲಿ, ಹೊಲಿಗೆ ಕಾಣದ ಹಾಗೆ, ಎರಡೆಳೆ ದಾರದಲ್ಲಿ, ಆನೆ ಎಳೆದರೂ ಕಿತ್ತುಬರಲ್ಲ ಅತ್ತೆ, ಎಂದು ಹೆಮ್ಮೆಯಿಂದ ಕೊಟ್ಟದ್ದು. ಪೆನ್ನು ಕೈಯಲ್ಲಿತ್ತು. ಬೀದಿ ತಿರುವು ಕಣ್ಣಿಗೆ ಬಂತು. ಒಂಬತ್ತೂವರೆ, ಟ್ಯಾಕ್ಸಿ ಹೋಗಿ ಹತ್ತು ನಿಮಿಷ ಆಗಿತ್ತು, ಟ್ಯಾಕ್ಸಿಯವನ ಕಿಸಕ್ ಇನ್ನೂ ಕಿವಿಯಲ್ಲೇ ಇತ್ತು, ಅವನು ಬೇಗ ಬೇಗ ನಡೆಯುತ್ತಿದ್ದ, ಚಿಂದಿ ದೀಪದ ಕಂಬದ ಬುಡದಲ್ಲಿ ನಿಂತುಬಿಟ್ಟಳು, ಮೂಸಿದಳು, ಬಾರೇ ಅಂದ, ಬರಲಿಲ್ಲ, ಟ್ಯಾಕ್ಸಿ ಹೋದ ಕಡೆಗೇ ಮುಖ ಮಾಡಿ ಕೂತಳು, ಇವಳಿಗೂ ನಾನು ಲೆಕ್ಕಕ್ಕಿಲ್ಲ ಅಲ್ಲವೇ ಎಂದು ಏನೋ ಒಂದು ಹೊಟ್ಟೆಯಿಂದ ಎದ್ದು ಬಂತು, ಭುಜಕ್ಕೆ ಬಂತು, ಕೈಗೆ ಬಂತು, ಸೆಣಬಿನ ಪಟ್ಟಿಯನ್ನು ಚೌಕಟ್ಟಿಗೆ ಬಿಗಿಯುವ ಕೈ ಅದು, ಹಗ್ಗವನ್ನು ಒಂದೇ ಸಲ ಜಗ್ಗಿತು — ಎರಡು ಮುಂಗಾಲು ನೆಲ ಬಿಟ್ಟು ಗಾಳಿಯಲ್ಲಿ. ಒಂದು ಕ್ಷಣ. ಆಮೇಲೆ ಅವಳು ಇಳಿದು, ಒಂದು ಸಲ ಕೆಮ್ಮಿ, ಅವನ ಹಿಂದೆ ತೆಪ್ಪಗೆ ನಡೆದು ಬಂದಳು, ಅವನೂ ತೆಪ್ಪಗೆ ನಡೆದ, ಅಂಗಡಿಯ ಬೀಗ ತೆಗೆಯುವಷ್ಟರಲ್ಲಿ ಮರೆತಿದ್ದ, ಮರೆತಿದ್ದನೇ, ಮೊಳೆ ಮೊಳೆ ಎಂದು ನೆಲ ಹುಡುಕಿದ್ದು ಯಾರು ಹಾಗಾದರೆ.

ಸಹಿ, ಅಂದಳು ಹುಡುಗಿ. ಸಹಿ ಮಾಡಿದರೆ ನಳಿಕೆ ಇಳಿಯುತ್ತದೆ, ಏನೂ ಸಿಗುವುದಿಲ್ಲ, ಅವಳು ಏಳುವುದಿಲ್ಲ, ಆಗ ಎಲ್ಲರೂ ಹೇಳುತ್ತಾರೆ, ಪಾಪ, ಫೋಮ್ ನುಂಗಿತ್ತಂತೆ, ಅವನೇನು ಮಾಡಿಯಾನು, ಸ್ಕೂಟರಿನಲ್ಲಿ ಎತ್ತಿಕೊಂಡು ಓಡಿದ, ಅತ್ತೆಯೂ ಒಂದು ದಿನ ಹಾಗೇ ಹೇಳಿಯಾಳು, ಗಾಜಿನ ಪೆಟ್ಟಿಗೆಯಿಂದ ಚಿಂದಿ ಅವನನ್ನೇ ನೋಡುತ್ತಿದ್ದಾಳೆ, ಹೇಳು ಎಂದೇನೂ ಅಲ್ಲ, ಅವಳಿಗೆ ಅದೆಲ್ಲ ಎಲ್ಲಿ ಗೊತ್ತು, ಗಾಳಿ ಬೇಕು ಅಷ್ಟೇ, ಪರಿಚಯದ ಮುಖ ಎಂದು ನೋಡುತ್ತಿದ್ದಾಳೆ, ಅದೇ ತಡೆಯಲಾಗಲಿಲ್ಲ. ಎಳೆದೆ ಸಾರ್. ಏನಂದ್ರಿ? ಕತ್ತಿನ ಪಟ್ಟಿಯ ಹಗ್ಗ ಹಿಡಿದು ಎಳೆದೆ ಸಾರ್, ಬೆಳಿಗ್ಗೆ, ಜೋರಾಗಿ, ಕೋಪ ಬಂದಿತ್ತು, ಅದ್ರ ಮೇಲಲ್ಲ, ಬೇರೆಯವರ ಮೇಲೆ, ಎಳೆದ ತಕ್ಷಣ ಕೆಮ್ಮಿತು, ಆಮೇಲೆ ಸರಿ ಹೋಯ್ತು ಅಂದ್ಕೊಂಡೆ. ಹುಡುಗಿ ಕಾಗದವನ್ನು ಹಿಂದಕ್ಕೆ ಎಳೆದುಕೊಂಡಳು. ಕನ್ನಡಿ ಅಂಗಡಿಯಾಕೆ ಬಾಗಿಲಲ್ಲೇ ನಿಂತಿದ್ದಳು, ಕೇಳಿಸಿಕೊಂಡಳು, ತಲೆ ತಗ್ಗಿಸಿದಳು, ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು, ಈಗ ಹೇಳಿದ್ರಲ್ಲ, ಒಳ್ಳೇದಾಯ್ತು, ಎಂದಷ್ಟೇ ಹೇಳಿ ನಳಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಚಿಕ್ಕ ಸೂಜಿಯೊಂದನ್ನು ಬೆಳಕಿಗೆ ಎತ್ತಿ ಗಾಳಿಗುಳ್ಳೆ ಹೊರಡಿಸಿದರು.

ಆಮೇಲೆ ಕಾಯುವುದು. ಪೆಟ್ಟಿಗೆಯ ಪಕ್ಕ ಒಂದು ಸ್ಟೂಲು ಕೊಟ್ಟರು. ಒಳಕ್ಕೆ, ಕಿರ್ರ್, ಗಕ್. ಒಳಕ್ಕೆ, ಕಿರ್ರ್. ತನ್ನ ಉಸಿರನ್ನೂ ಅದಕ್ಕೆ ಜೋಡಿಸಿದ, ತಾನು ಆರಾಮವಾಗಿ ಎಳೆದರೆ ಅವಳಿಗೂ ದಾರಿ ಸಿಕ್ಕೀತೇನೋ ಎಂಬ ಹುಚ್ಚು. ನಡುವೆ ಒಮ್ಮೆ ಪಕ್ಕೆ ನಿಂತೇಬಿಟ್ಟಿತು, ಅವನು ಎದ್ದು ನಿಂತ, ಸಾರ್ ಎಂದು ಕೂಗಲು ಬಾಯಿ ತೆರೆದ, ಪಕ್ಕೆ ಮತ್ತೆ ಎದ್ದಿತು, ನಿದ್ದೆ ಬರ್ತಿದೆ ಅದಕ್ಕೆ, ಕೂತ್ಕೊಳಿ, ಅಂದಳು ಹುಡುಗಿ, ಅವಳೀಗ ಅವನ ಜೊತೆ ಸ್ವಲ್ಪ ಬಿಗಿಯಾಗಿಯೇ ಮಾತಾಡುತ್ತಿದ್ದಳು. ಕೂತ. ಎರಡು ಮುಂಗಾಲು ಗಾಳಿಯಲ್ಲಿ. ಕನ್ನಡಿ ಅಂಗಡಿಯಾಕೆ ಅಂಗಡಿ ತೆರೆದಿಟ್ಟು ಬಂದಿದ್ದೀನಣ್ಣ ಎಂದು ಹೊರಟಳು, ಹೊರಡುವ ಮುಂಚೆ ಭುಜ ಮುಟ್ಟಿದಳು, ಯಾರು ಎಳೆದಿಲ್ಲ ಹೇಳಿ, ಅಂದಳು, ಸಮಾಧಾನಕ್ಕೆ ಅಂದದ್ದು, ಅವನಿಗೆ ಅದು ಸಮಾಧಾನ ಆಗಲಿಲ್ಲ. ಒಂದೂವರೆಯ ಹೊತ್ತಿಗೆ ಕಿರ್ರ್ ತೆಳುವಾಯಿತು, ಎರಡಕ್ಕೆ ಗಕ್ ನಿಂತಿತು, ಡಾಕ್ಟರು ಬಂದು ಅವಳ ತುಟಿ ಎತ್ತಿ ಅವನಿಗೆ ತೋರಿಸಿದರು, ನೋಡಿ, ಈಗ ಯಾವ ಬಣ್ಣ? ಗುಲಾಬಿ ಸಾರ್, ಅಂದ. ಸಾಯಂಕಾಲ ಮನೆಗೆ ಕರ್ಕೊಂಡು ಹೋಗಬಹುದು, ಆದ್ರೆ ಇದು ವಾಸಿ ಆಗೋದಲ್ಲ, ಕೊಳವೆ ಮೆತ್ತಗಾಗಿರೋದು ಹೌದು, ನೀವು ಎಳೆದಿದ್ದಕ್ಕೆ ಮೆತ್ತಗಾಗಿದ್ದಲ್ಲ, ಮೊದಲೇ ಆಗಿತ್ತು, ಎಳೆದಿದ್ದು ಅದನ್ನ ಕೆಣಕಿತು, ಇನ್ನು ಕತ್ತಿಗೆ ಏನೂ ಕಟ್ಟಬೇಡಿ, ಎದೆಗೆ ಹಾಕೋ ಪಟ್ಟಿ ಹಾಕಿ, ಮೈ ಬರಿಸಬೇಡಿ, ಮಾತ್ರೆ ತಪ್ಪಿಸಬೇಡಿ, ಜೋಪಾನ ಮಾಡಿದ್ರೆ ಇನ್ನೂ ಕೆಲವು ವರ್ಷ ಇರ್ತಾಳೆ. ಮೊದಲೇ ಆಗಿತ್ತು. ಹಾಗಾದರೆ ಅತ್ತೆ ಪ್ರತಿ ಸಲ ಹೆದರುತ್ತಿದ್ದಳಲ್ಲ, ಆ ಸಲಗಳಲ್ಲಿ ಯಾವುದು ಬರೀ ಸೀನು, ಯಾವುದು ಇದು, ಯಾರಿಗೆ ಗೊತ್ತು, ಊಟದ ಮೇಜಿನಲ್ಲಿ ತಾನು ಅಣಕಿಸಿದ್ದು ಯಾವುದನ್ನು.

ಫೋನು ಹೊಡೆದುಕೊಂಡಿತು. ಹೆಂಡತಿ. ರೀ, ಆಪರೇಷನ್ ಚೆನ್ನಾಗಿ ಆಯ್ತು, ಅಮ್ಮ ಆಗಲೇ ಮಾತಾಡ್ತಿದಾಳೆ, ಮೊದಲು ನಾಯಿ ಜೊತೆ ಮಾತಾಡಿಸು ಅಂತಾಳೆ, ತಗೊಳಿ. ಏನೋ ಸರಪರ ಸದ್ದು, ಆಮೇಲೆ ಆ ದನಿ, ಸ್ವಲ್ಪ ಸೋತ ದನಿ. ಅಳಿಯಂದ್ರೇ. ಹೇಳಿ ಅತ್ತೆ. ಚಿಂದಿ ಅನ್ನ ತಿಂದ್ಲಾ? ಇಲ್ಲ ಅತ್ತೆ. ಯಾಕೆ? ಅವನು ಪೆಟ್ಟಿಗೆಯ ಕಡೆ ನೋಡಿದ, ಚಿಂದಿ ಮಲಗಿದ್ದಾಳೆ, ಪಕ್ಕೆ ಏಳುತ್ತಿದೆ, ಇಳಿಯುತ್ತಿದೆ, ಗಾಜಿನ ಮೇಲೆ ಅವಳ ಮೂಗಿನ ಮುಂದೆ ಒಂದು ಬೆರಳಗಲ ಮಬ್ಬು ಮೂಡಿ ಅಳಿಸಿ ಮೂಡುತ್ತಿದೆ. ನಾಳೆ ಹೇಳಬಹುದು, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಹೇಳಬಹುದು, ಇವತ್ತು ನಿದ್ದೆ ಮಾಡ್ತಿದ್ದಾಳೆ ಅಂದರೆ ಸುಳ್ಳೂ ಅಲ್ಲ. ಅಳಿಯಂದ್ರೇ, ಎಲ್ಲಿದೀರ ನೀವು, ಅದೇನು ಪಿಂ ಪಿಂ ಅಂತ ಸದ್ದು? ಡಾಕ್ಟರ ಹತ್ರ ಇದೀವಿ ಅತ್ತೆ, ಈಗ ಚೆನ್ನಾಗಿದಾಳೆ, ಉಸಿರು ಕಟ್ಟಿತ್ತು, ಈಗ ಸರಿಯಾಗಿದೆ, ನಿದ್ದೆ ಮಾಡ್ತಿದಾಳೆ, ನೀವು ಅಳಬೇಡಿ, ಕಣ್ಣಿಗೆ ಒಳ್ಳೇದಲ್ಲ. ಅತ್ತೆ ಅಳಲಿಲ್ಲ. ಏನಾಯ್ತು ಅಂದಳು, ಬಹಳ ಮೆಲ್ಲಗೆ. ನಾನೇ ಅತ್ತೆ. ಹಗ್ಗ ಎಳೆದುಬಿಟ್ಟೆ. ಆ ಕಡೆ ಅವಳ ಉಸಿರು, ಎಪ್ಪತ್ತಾರು ವರ್ಷದ ಉಸಿರು, ಒಳಕ್ಕೆ ಹೋಗಿ ಅಲ್ಲೇ ನಿಂತಿತು, ಅವನು ಕಾದ, ಹೊರಗೆ ಬರಲಿ ಎಂದು ಕಾದ. ಎಷ್ಟು ಜೋರಾಗಿ ಎಳೆದೆಯೋ, ಅಂದಳು. ಎಳೆದೆಯೋ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನೀವು ತಾವು ಬಿಟ್ಟು ಕೇಳಿದಳು, ಬೈಗುಳವೂ ಅಲ್ಲ, ಅಳುವೂ ಅಲ್ಲ, ಉತ್ತರ ಬೇಕಿತ್ತು ಅವಳಿಗೆ, ಇದ್ದದ್ದು ಇದ್ದಷ್ಟು ಬೇಕಿತ್ತು, ಎಷ್ಟು ಜೋರಾಗಿ ಎಂದರೆ ಹೇಗೆ ಹೇಳುವುದು, ಹೇಳತೊಡಗಿದ, ಅತ್ತೆ, ಬೀದಿ ತಿರುವಿನಲ್ಲಿ, ಕಂಬದ ಹತ್ತಿರ, ಅವಳು ನೀವು ಹೋದ ದಾರಿಯನ್ನೇ ನೋಡುತ್ತಾ ಕೂತಿದ್ದಳು, ಅತ್ತೆ, ಹಗ್ಗ ಬಿಗಿಯಾಯಿತು, ಅವಳು ನನ್ನ ಕಡೆ ತಿರುಗಿದಳು, ತಿರುಗಿದಾಗ ಕಾಲು, ಎರಡು ಮುಂಗಾಲು, ನೆಲದಿಂದ ಮೇಲೆ, ಬೆರಳುಗಳು ಅಗಲಿಸಿಕೊಂಡು, ನೆಲ ಎಲ್ಲಿ ಎಂದು ಹುಡುಕುತ್ತಾ, ಎರಡು ಮುಂಗಾಲು, ಗಾಳಿಯಲ್ಲಿ, ಎರಡು ಮುಂಗಾಲು —